ಮೊದಲ ಬ್ರೈಯರ್ ಪೈಪ್ ಮಾಡುವವರಿಗೆ: ಕೊರೆದ ತುಂಡೋ, ಕೊರೆಯದ್ದೋ? ಅರವೋ, ಮೋಟರೋ?

ಮೊದಲೇ ಹೇಳಿಬಿಡುತ್ತೇನೆ. ಇದುವರೆಗೆ ತಂಬಾಕು ಸೇದುವ ಪೈಪ್ ಒಂದೂ ಮಾಡಿಲ್ಲ ಅಂದರೆ, ತೂತು ಕೊರೆದು, ಬಾಯಿಗೆ ಇಡುವ ಸ್ಟೆಮ್ ಕೂರಿಸಿ ಕೊಟ್ಟಿರುವ ಬ್ರೈಯರ್ ಮರದ ತುಂಡನ್ನೇ ತೆಗೆದುಕೊಳ್ಳಿ. ಎರಡು ಒಳ್ಳೆಯ ಅರ ತೆಗೆದುಕೊಳ್ಳಿ. ಬಿಲಿಯರ್ಡ್ ಅನ್ನುವ ಹಳೆಯ ನೇರ ಆಕಾರ ಮಾಡಿ. ಅದನ್ನೇ ಇನ್ನೊಂದು ಸಲ ಮಾಡಿ. ಆಮೇಲೆ ಮನಸ್ಸಿಗೆ ಬಂದದ್ದು ಮಾಡಿ. ಯಾಕೆ ಹಾಗೆ, ಯಾರಿಗೆ ಹಾಗಲ್ಲ ಅಂತ ಮುಂದೆ ಬರೆದಿದ್ದೇನೆ.

ನಾನಿರುವುದು ಗಂಗಾವತಿಯಲ್ಲಿ. ಮಾಳಿಗೆ ಮೇಲೆ ಒಂದು ಸಣ್ಣ ಕೋಣೆ, ಒಂದು ಮೇಜು, ತುಂಡನ್ನು ಕಚ್ಚಿ ಹಿಡಿಯುವ ಒಂದು ವೈಸ್, ಪೂರ್ವಕ್ಕೆ ಒಂದು ಕಿಟಕಿ. ಮೂರು ವರ್ಷದಲ್ಲಿ ಒಂಬತ್ತು ಪೈಪ್ ಮಾಡಿದ್ದೇನೆ, ಅದರಲ್ಲಿ ನಾಲ್ಕನ್ನು ಯಾರ ಕೈಗಾದರೂ ಧೈರ್ಯವಾಗಿ ಕೊಡಬಹುದು. ನಾನು ತಂಬಾಕು ಸೇದುವುದಿಲ್ಲ. ಹೊಗೆಯನ್ನು ಎದೆಗೆ ಎಳೆದುಕೊಳ್ಳದೆ ಬಾಯಲ್ಲೇ ಬಿಟ್ಟರೂ ಪೈಪ್ ಬಾಯಿ ಕ್ಯಾನ್ಸರ್ ತರುತ್ತದೆ, ಹಾಗಾಗಿ ಸೇದದೇ ಇರುವವರು ಈ ಕೆಲಸದ ನೆಪದಲ್ಲಿ ಶುರು ಮಾಡಬೇಡಿ. ನನ್ನನ್ನು ಹಿಡಿದದ್ದು ಮರ ಮತ್ತು ಆಕಾರ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತು, ಆದರೆ ಅದರಲ್ಲಿ ಒಂದು ಗೆರೆ ಅರ್ಧ ಮಿಲಿಮೀಟರ್ ತಪ್ಪಿದರೂ ಕಣ್ಣಿಗೆ ಗೊತ್ತಾಗುತ್ತದೆ.

ಹೆಸರುಗಳು ತಿಳಿದಿರಲಿ. ತಂಬಾಕು ತುಂಬುವ ಬಟ್ಟಲು ಬೌಲ್. ಅದರಿಂದ ಮುಂದಕ್ಕೆ ಚಾಚಿದ ಮರದ ಕತ್ತು ಶ್ಯಾಂಕ್. ಬಾಯಿಗೆ ಇಡುವ ಭಾಗ ಸ್ಟೆಮ್. ಸ್ಟೆಮ್‌ನ ತುದಿಗೆ ಒಂದು ಸಣ್ಣ ಗೂಟ ಇರುತ್ತದೆ, ಅದು ಶ್ಯಾಂಕ್‌ನ ತೂತಿನೊಳಗೆ ಬಿಗಿಯಾಗಿ ಕೂರುತ್ತದೆ. ಇಷ್ಟೇ.

ಬ್ರೈಯರ್ ಮತ್ತು ಬಳ್ಳಾರಿ ಜಾಲಿ

ಬ್ರೈಯರ್ ಅಂದರೆ ಎರಿಕಾ ಅರ್ಬೊರಿಯಾ ಅನ್ನುವ ಪೊದೆಯ ಬುಡದಲ್ಲಿ ಬೆಳೆಯುವ ಗಂಟು. ಇಟಲಿ, ಗ್ರೀಸ್, ಸ್ಪೇನ್, ಕೋರ್ಸಿಕಾ, ಅಲ್ಜೀರಿಯಾ, ಹೀಗೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಸಿಗುತ್ತದೆ. ಕಾಡಿಗೆ ಬೆಂಕಿ ಬಿದ್ದು ಮೇಲಿನ ಗಿಡ ಸುಟ್ಟುಹೋದರೂ ಈ ಗಂಟಿನಿಂದ ಮತ್ತೆ ಚಿಗುರು ಬರುತ್ತದೆ. ಪೈಪಿಗೆ ಸಾಲುವಷ್ಟು ದಪ್ಪ ಆಗಬೇಕಾದರೆ ಹತ್ತಾರು ವರ್ಷ ಬೇಕು, ಸಾಮಾನ್ಯವಾಗಿ 30 ವರ್ಷಕ್ಕೆ ಮೇಲೆ. ಅಗೆದು ತಂದ ಗಂಟನ್ನು ಕೊಯ್ದು, ಗಂಟೆಗಟ್ಟಲೆ ನೀರಲ್ಲಿ ಕುದಿಸಿ ಒಳಗಿನ ರಸ ತೆಗೆದು, ಆಮೇಲೆ ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಫ್ರಾನ್ಸಿನ ಸೇಂಟ್ ಕ್ಲೋಡ್ ಎಂಬ ಊರಿನವರು 1850ರ ದಶಕದಿಂದ ಇದರಲ್ಲಿ ಪೈಪ್ ಮಾಡುತ್ತಾ ಬಂದಿದ್ದಾರೆ. ಇದು ಗಟ್ಟಿ ಮರ, ಆದರೂ ಹಗುರ. ಬೆಂಕಿಯನ್ನು ಒಳಗಿಟ್ಟುಕೊಂಡರೂ ಬೇಗ ಸುಡುವುದಿಲ್ಲ, ಹೊರಗೆ ಕೈಗೆ ಬಿಸಿ ಜಾಸ್ತಿ ತಾಗುವುದಿಲ್ಲ.

ನಮ್ಮ ಅಜ್ಜ ಕಟ್ಟೆ ಮೇಲೆ ಕೂತು ಮಣ್ಣಿನ ಚಿಲುಮೆ ಸೇದುತ್ತಿದ್ದರು. ಒದ್ದೆ ಬಟ್ಟೆ ಸುತ್ತಿಯೇ ಹಿಡಿಯಬೇಕಿತ್ತು, ಅಷ್ಟು ಬಿಸಿ. ಮಣ್ಣಿಗೂ ಬ್ರೈಯರ್‌ಗೂ ಇರುವ ವ್ಯತ್ಯಾಸ ಅಲ್ಲೇ ಇದೆ. ಟರ್ಕಿಯ ಎಸ್ಕಿಶೆಹಿರ್ ಸುತ್ತ ಅಗೆದು ತೆಗೆಯುವ ಮೀರ್ಶಾಮ್ ಅನ್ನುವ ಬಿಳಿ ಕಲ್ಲಿನಲ್ಲೂ ಪೈಪ್ ಕೆತ್ತುತ್ತಾರೆ, ತುಂಬಾ ಹಗುರ, ಆದರೆ ಕೈತಪ್ಪಿ ಬಿದ್ದರೆ ಮುಗಿಯಿತು. ಕಲಿಯುವವರಿಗೆ ಅದು ಬೇಡ. ಮೆಕ್ಕೆಜೋಳದ ದಿಂಡಿನಲ್ಲಿ ಮಾಡುವುದೂ ಇದೆ, ಅಮೆರಿಕದ ಮಿಸೌರಿಯ ವಾಷಿಂಗ್ಟನ್ ಊರಲ್ಲಿ 1869ರಿಂದ ಅದಕ್ಕಾಗಿಯೇ ಒಂದು ಕಾರ್ಖಾನೆ ನಡೆಯುತ್ತಿದೆ. ನಮ್ಮ ಕೊಪ್ಪಳದ ಹೊಲಗಳಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ, ಹಾಗಾದರೆ ಇಲ್ಲೇ ಮಾಡಬಹುದಲ್ವಾ ಅಂತ ನನಗೂ ಅನ್ನಿಸಿತ್ತು. ಆಗುವುದಿಲ್ಲ. ಅವರು ಪೈಪಿಗೆಂದೇ ದಪ್ಪ, ಗಟ್ಟಿ ದಿಂಡಿನ ತಳಿ ಬೆಳೆಯುತ್ತಾರೆ. ನಮ್ಮ ತೆನೆಯ ದಿಂಡಿಗೆ ಬೌಲ್‌ಗೆ ಬೇಕಾದ 19 ಮಿ.ಮೀ. ತೂತು ಕೊರೆದರೆ ಸುತ್ತ ಉಳಿಯುವುದು ಬರೀ ಸಿಪ್ಪೆ.

ನಿಜವಾದ ಹೋಲಿಕೆ ಮಾಡಬೇಕಾದದ್ದು ಬಳ್ಳಾರಿ ಜಾಲಿಯ ಜೊತೆ. ಹೌದು, ಊರ ಹೊರಗೆ, ಕಾಲುವೆ ದಂಡೆಗೆ, ಬೀಳು ಬಿಟ್ಟ ಹೊಲದಲ್ಲಿ ಎಲ್ಲೆಲ್ಲೂ ಬೆಳೆದಿರುವ, ಇದ್ದಿಲು ಸುಡುವ ಅದೇ ಮುಳ್ಳಿನ ಗಿಡ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂತು. ಅದರ ಹತ್ತಿರದ ನಂಟಿನ ಮೆಸ್ಕೀಟ್ ಮರದಲ್ಲಿ ಅಮೆರಿಕದಲ್ಲಿ ಪೈಪ್ ಮಾಡುವವರಿದ್ದಾರೆ. ಮರ ಗಟ್ಟಿ, ಒಣಗುವಾಗ ಜಾಸ್ತಿ ಕುಗ್ಗುವುದಿಲ್ಲ, ಒಳಗಿನ ಕೆಂಪು ಕಂದು ತಿರುಳು ನೋಡಲು ಚೆಂದ. ಆದರೆ ಬ್ರೈಯರ್ ಗಂಟಿನಲ್ಲಿ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಬೆಳೆದಿರುತ್ತವೆ, ಜಾಲಿಯಲ್ಲಿ ಎಳೆ ಉದ್ದಕ್ಕೆ ಓಡುತ್ತದೆ, ಬಿಸಿಗೆ ಆ ಎಳೆಯ ಗುಂಟ ಬಿರುಕು ಬಿಡುವ ಭಯ ಇದ್ದೇ ಇದೆ. ನನ್ನ ಅಭಿಪ್ರಾಯ ಇದು: ಸೇದುವ ಪೈಪಿಗೆ ಬ್ರೈಯರ್, ಕೈ ಪಳಗಿಸಲು ಜಾಲಿ. ಒಂದು ವರ್ಷ ನೆರಳಲ್ಲಿ ಒಣಗಿದ ಜಾಲಿ ಕೊರಡು ಸಿಕ್ಕರೆ ಅದರಲ್ಲಿ ತೂತಿಲ್ಲದ ಎರಡು ಸುಳ್ಳು ಪೈಪ್ ಕೆತ್ತಿ. ಖರ್ಚಿಲ್ಲ, ಅರ ಹಿಡಿಯುವುದು ಬರುತ್ತದೆ. ಕಣಗಿಲೆಯಂಥ ವಿಷದ ಗಿಡ, ಬಣ್ಣ ಬಳಿದ ಹಳೇ ಬಾಗಿಲ ಕಟ್ಟಿಗೆ, ಹುಳ ಬೀಳದಂತೆ ಮದ್ದು ಹಾಕಿದ ಕಟ್ಟಿಗೆ, ಇವುಗಳಲ್ಲಿ ಮಾತ್ರ ಪೈಪ್ ಮಾಡಲೇಬೇಡಿ. ಧೂಳಾಗಿ ಒಳಗೆ ಹೋದರೂ ಕೆಟ್ಟದ್ದು, ಹೊಗೆಯಾಗಿ ಹೋದರೆ ಇನ್ನೂ ಕೆಟ್ಟದ್ದು.

ಎಬೋಶೋನ್, ಪ್ಲೇಟೋ

ಬ್ರೈಯರ್ ತುಂಡು ಮಾರುವವರು ಈ ಎರಡು ಫ್ರೆಂಚ್ ಹೆಸರು ಹೇಳುತ್ತಾರೆ. ಗಂಟಿನ ಒಳಭಾಗದಿಂದ ಇಟ್ಟಿಗೆಯಂತೆ ಚೌಕಾಗಿ ಕೊಯ್ದದ್ದು ಎಬೋಶೋನ್. ಹೊರಭಾಗದಿಂದ, ಒಂದು ಕಡೆ ತೊಗಟೆಯ ಒರಟು ಉಳಿಸಿ ಕೊಯ್ದದ್ದು ಪ್ಲೇಟೋ. ಪ್ಲೇಟೋದಲ್ಲಿ ಎಳೆ ಬೀಸಣಿಗೆಯಂತೆ ಹೊರಕ್ಕೆ ಓಡುತ್ತದೆ, ಹಾಗಾಗಿ ಬೌಲ್‌ನ ಬದಿಗೆ ನೇರ ಗೆರೆ, ಅಡ್ಡ ಕಡಿದ ಕಡೆ ಹಕ್ಕಿ ಕಣ್ಣಿನಂಥ ಚುಕ್ಕಿ ಬರುತ್ತವೆ. ಬೆಲೆ ಜಾಸ್ತಿ. ಮೊದಲ ಪೈಪಿಗೆ ಎಬೋಶೋನ್ ಸಾಕು. ಪ್ಲೇಟೋ ತುಂಡು ಹಿಡಿದರೆ ಎಳೆಯನ್ನು ಉಳಿಸಬೇಕು ಅನ್ನುವ ಆಸೆ ಕೈಯನ್ನು ಕಟ್ಟಿಹಾಕುತ್ತದೆ. ಆಕಾರ ಎಳೆಯ ಹಿಂದೆ ಓಡುತ್ತದೆ, ಕೊನೆಗೆ ಎರಡೂ ಸಿಗುವುದಿಲ್ಲ.

ತುಂಡು ಎಲ್ಲಿಂದ ತರಿಸಿದರೂ ಕೂಡಲೇ ಕೆತ್ತಬೇಡಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಸಮುದ್ರದ ಕಡೆಯಿಂದ ಬಂದ ಮರವನ್ನು ಆ ಬಿಸಿಗೆ ಒಮ್ಮೆಲೇ ಒಡ್ಡಿದರೆ ಸೀಳುತ್ತದೆ. ನಾನು ಹಳೇ ಪೇಪರ್ ಸುತ್ತಿ, ಕೆಳಗಿನ ಕೋಣೆಯ ಕಪಾಟಿನಲ್ಲಿ ಎರಡು ಮೂರು ತಿಂಗಳು ಇಡುತ್ತೇನೆ. ಅಡಿಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ತುಂಡಿನ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ತೂಕ ಇಳಿಯುವುದು ನಿಂತ ಮೇಲೆ ಗರಗಸ ಹಿಡಿಯುವುದು.

ಕೊರೆದದ್ದು, ಕೊರೆಯದ್ದು

ಇದೇ ದೊಡ್ಡ ತೀರ್ಮಾನ. ಇದರಲ್ಲಿ ನಾನು ತಪ್ಪು ಮಾಡಿ ಕಲಿತೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಮೊದಲ ತುಂಡು ಕೊರೆಯದ್ದು. ಎಲ್ಲವನ್ನೂ ನಾನೇ ಮಾಡಬೇಕು ಅನ್ನುವ ಹಟ. ಮನೆಯಲ್ಲಿ ಕೈ ಡ್ರಿಲ್ ಬಿಟ್ಟರೆ ಏನಿಲ್ಲ, ಆದರೆ ಗಂಗಾವತಿಯಲ್ಲಿ ರೈಸ್ ಮಿಲ್ಲುಗಳು ಇರುವುದರಿಂದ ಅವುಗಳ ಶಾಫ್ಟು, ಪುಲ್ಲಿ ಮಾಡಿಕೊಡುವ ಲೇತ್ ಅಂಗಡಿಗಳಿಗೆ ಕೊರತೆಯಿಲ್ಲ. ಒಂದಕ್ಕೆ ಹೋದೆ. ಅಂಗಡಿಯವರು ತುಂಡನ್ನು ತಿರುಗಿಸಿ ನೋಡಿದರು. "ಅಣ್ಣಾ, ಕಬ್ಬಿಣ ಆಗಿದ್ರ ಕಣ್ಮುಚ್ಚಿ ಕೊರದು ಕೊಡ್ತಿದ್ದೆ, ಇದು ಕಟ್ಟಿಗಿ, ಬಿಟ್ ಎತ್ತಾಗ ಹೊಳ್ಳತೈತಿ ಅಂತ ಹೇಳಾಕ ಬರಂಗಿಲ್ಲ ನೋಡ್ರಿ" ಅಂದರು. ನಾನು ಪರವಾಗಿಲ್ಲ ಅಂದೆ. ಅವರು ಹೇಳಿದ ಹಾಗೇ ಆಯಿತು. 4 ಮಿ.ಮೀ. ದಪ್ಪದ, ಉದ್ದನೆಯ ಕೊರೆಯುವ ಬಿಟ್ ಅರ್ಧ ದಾರಿಯಲ್ಲಿ ಗಟ್ಟಿ ಎಳೆಗೆ ತಾಗಿ ಪಕ್ಕಕ್ಕೆ ಸರಿಯಿತು, ಬೌಲ್‌ನ ತಳಕ್ಕೆ ಬರಬೇಕಾದ ತೂತು ತಳದಿಂದ ಸುಮಾರು 5 ಮಿ.ಮೀ. ಮೇಲೆ, ಒಂದು ಬದಿಗೆ ಬಂತು. ಅವರ ತಪ್ಪಲ್ಲ, ಮೊದಲೇ ಹೇಳಿದ್ದರು.

ಆ 5 ಮಿ.ಮೀ. ಯಾಕೆ ಅಷ್ಟು ಮುಖ್ಯ ಅಂದರೆ, ಗಾಳಿಯ ತೂತು ಬೌಲ್‌ನ ತಳದ ನಡುವಿಗೇ ಬಂದು ಸೇರಬೇಕು. ಮೇಲೆ ಬಂದರೆ ಅದರ ಕೆಳಗಿನ ತಂಬಾಕಿಗೆ ಗಾಳಿ ಸಿಗುವುದಿಲ್ಲ, ಅದು ಉರಿಯದೆ ಒದ್ದೆಯಾಗಿ ಕೂರುತ್ತದೆ, ಪ್ರತಿ ಸಲವೂ ವಾಸನೆ. ಕೆಳಗೆ ಹೋದರೆ ತಳದ ಮರ ತೆಳುವಾಗಿ ಸುಟ್ಟು ತೂತು ಬೀಳುತ್ತದೆ. ಇದನ್ನು ಆಮೇಲೆ ಸರಿಮಾಡುವ ದಾರಿ ಇಲ್ಲ. ಹೊರಗಿನ ಆಕಾರ ಎಷ್ಟೇ ಚೆಂದ ಮಾಡಿದರೂ ಆ ಪೈಪ್ ಪೈಪಲ್ಲ. ಆ ತುಂಡಿನ ಮೇಲೆ ನಾನು ಹದಿನೆಂಟು ಗಂಟೆ ಕೆಲಸ ಮಾಡಿದ್ದೆ.

ಕೊರೆದ ತುಂಡಿನಲ್ಲಿ ಈ ಭಯ ಇಲ್ಲ. ಬೌಲ್‌ನ ಗುಳಿ ಸುಮಾರು 19 ಮಿ.ಮೀ. ಅಗಲ, 35ರಿಂದ 40 ಮಿ.ಮೀ. ಆಳ ಇರುತ್ತದೆ, ತಳ ದುಂಡಗಿರುತ್ತದೆ, ಗಾಳಿ ತೂತು ಸರಿಯಾದ ಜಾಗಕ್ಕೆ ಬಂದಿರುತ್ತದೆ, ಸ್ಟೆಮ್‌ನ ಗೂಟ ಬಿಗಿಯಾಗಿ ಕೂತಿರುತ್ತದೆ. ಅಂದರೂ ಬಂದ ಕೂಡಲೇ ನೋಡಿಕೊಳ್ಳಿ. ಮೊಬೈಲ್ ಟಾರ್ಚ್ ಹಾಕಿ ಒಳಗೆ ಇಣುಕಿ, ತೂತು ಎಲ್ಲಿ ತೆರೆದಿದೆ ನೋಡಿ. ಪೈಪ್ ಕ್ಲೀನರ್ ಅನ್ನುವ ಹತ್ತಿ ಸುತ್ತಿದ ತಂತಿಯನ್ನು ಸ್ಟೆಮ್ ಕಡೆಯಿಂದ ತೂರಿಸಿ, ಎಲ್ಲೂ ತಡೆಯದೆ ತಳದವರೆಗೆ ಬರಬೇಕು. ಗೂಟದ ತುದಿಗೂ ಶ್ಯಾಂಕ್‌ನ ಒಳಗಿನ ಗೋಡೆಗೂ ನಡುವೆ ಜಾಸ್ತಿ ಜಾಗ ಇದ್ದರೆ ಅಲ್ಲಿ ನೀರು ನಿಂತು ಗೊರಗೊರ ಸದ್ದು ಬರುತ್ತದೆ, ಅದನ್ನೂ ಅಳೆದು ನೋಡಿ.

ಕೊರೆದ ತುಂಡಿನ ಕೊರತೆ ಒಂದೇ. ಬೌಲ್‌ಗೂ ಶ್ಯಾಂಕ್‌ಗೂ ನಡುವಿನ ಕೋನ ಮೊದಲೇ ತೀರ್ಮಾನ ಆಗಿರುತ್ತದೆ, ಸಾಮಾನ್ಯವಾಗಿ ನೇರ 90 ಡಿಗ್ರಿ. ಬಾಗಿದ ಪೈಪ್ ಬೇಕಾದರೆ, ಇಲ್ಲ ಮರದ ಎಳೆ ನೋಡಿ ಆಕಾರ ತೀರ್ಮಾನ ಮಾಡಬೇಕಾದರೆ, ಕೊರೆಯದ ತುಂಡೇ ಬೇಕು. ಸ್ವೀಡನ್‌ನಲ್ಲಿ ಹುಟ್ಟಿ ಡೆನ್ಮಾರ್ಕ್‌ನಲ್ಲಿ ಕೆಲಸ ಮಾಡಿದ ಸಿಕ್ಸ್‌ಟನ್ ಈವರ್‌ಸನ್ ಮೊದಲು ಹೊರಗಿನ ಆಕಾರ ಕೆತ್ತಿ ಆಮೇಲೆ ತೂತು ಕೊರೆಯುತ್ತಿದ್ದರು, ಡ್ಯಾನಿಶ್ ಪೈಪುಗಳ ಆ ಹರಿಯುವ ಗೆರೆಗಳು ಬಂದದ್ದು ಹಾಗೆ ಮಾಡಿದ್ದರಿಂದ. ಅದು ಕೈ ಪಳಗಿದವರ ಕೆಲಸ. ನಿಮ್ಮ ಹತ್ತಿರ ಒಳ್ಳೆಯ ಲೇತ್ ಇದ್ದು, ಮರವನ್ನು ಕೊರೆದು ಅಭ್ಯಾಸ ಇದ್ದರೆ ನೀವು ಆ ಕಡೆಯಿಂದಲೇ ಶುರು ಮಾಡಬಹುದು. ಮರಗೆಲಸದ ಮನೆತನದವರು, ಬಡಿಗೇರ ಮನೆಯ ಹುಡುಗರು ಓದುತ್ತಿದ್ದರೆ ನನ್ನ ಸಲಹೆ ನಿಮಗಲ್ಲ, ಧಾರಾಳವಾಗಿ ಕೊರೆಯಿರಿ. ಆದರೂ ಮೊದಲು ಜಾಲಿ ಕೊರಡಿನಲ್ಲಿ ಹತ್ತು ತೂತು ಕೊರೆದು, ಸೀಳಿ, ಬಿಟ್ ಎಲ್ಲಿ ಹೊರಳಿದೆ ನೋಡಿ.

ಅರ, ಮೋಟರ್

ಗ್ರೈಂಡರ್‌ಗೆ ಉಸುಕಿನ ಕಾಗದದ ಚಕ್ರ ಹಾಕಿದರೆ ಒಂದು ಗಂಟೆಯಲ್ಲಿ ಆಗುವ ಕೆಲಸ ಅರದಲ್ಲಿ ಎರಡು ದಿನ. ಇದು ಸುಳ್ಳಲ್ಲ. ಆದರೆ ಚಕ್ರ ಒಂದು ಸೆಕೆಂಡಿನಲ್ಲಿ ತಿಂದದ್ದನ್ನು ವಾಪಸ್ ಅಂಟಿಸಲಾಗುವುದಿಲ್ಲ, ಮತ್ತೆ ಹೊಸಬರಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಅರದಲ್ಲಿ ನೂರು ಸಲ ಎಳೆದರೆ ಒಂದು ಮಿಲಿಮೀಟರ್ ಹೋಗುತ್ತದೆ, ಪ್ರತಿ ಎಳೆತಕ್ಕೂ ಕಣ್ಣು ಆಕಾರವನ್ನು ಓದುತ್ತದೆ. ಕಣ್ಣು ಕಲಿಯುವ ಕೆಲಸ ಅಲ್ಲೇ ಆಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದರೂ ಅರದ ಕೆಲಸ ನಿಲ್ಲುವುದಿಲ್ಲ ಅನ್ನುವುದು ಬೇರೆ ಲಾಭ.

ಬೇಕಾಗುವುದು ಇಷ್ಟು: ಮೂಲೆಗಳನ್ನು ಕೊಯ್ಯಲು ಒಂದು ಸಣ್ಣ ಬಿಲ್ಲಿನ ಗರಗಸ. ಒಂದು ಕಡೆ ಚಪ್ಪಟೆ ಇನ್ನೊಂದು ಕಡೆ ಅರ್ಧ ದುಂಡು ಇರುವ ಮರದ ಒರಟು ಅರ. ಅದೇ ಆಕಾರದ ನಯ ಅರ. ಒಂದು ಪೊಟ್ಟಣ ಸೂಜಿ ಅರ. ದಪ್ಪ ಅಳೆಯಲು ವರ್ನಿಯರ್. ವೈಸ್ ಇದ್ದರೆ ಅದರ ದವಡೆಗೆ ಹಳೇ ಚಪ್ಪಲಿಯ ಚರ್ಮ ಅಂಟಿಸಿಕೊಳ್ಳಿ, ಇಲ್ಲದಿದ್ದರೆ ಮರದ ಮೇಲೆ ಕಚ್ಚಿದ ಗುರುತು ಬೀಳುತ್ತದೆ. ಅಗ್ಗದ ಅರ ತೆಗೆದುಕೊಂಡು ನಾನು ಆರು ತಿಂಗಳು ಕಳೆದೆ, ಮರದ ಮೇಲೆ ಜಾರುತ್ತಿತ್ತು, ತಪ್ಪು ನನ್ನ ಕೈಯದ್ದು ಅಂದುಕೊಂಡಿದ್ದೆ. ಉಳಿಸಬೇಕಾದರೆ ಬೇರೆ ಕಡೆ ಉಳಿಸಿ, ಅರದಲ್ಲಿ ಬೇಡ. ಮತ್ತೆ ಮಾಸ್ಕ್ ಹಾಕಿಕೊಳ್ಳಿ, ಬ್ರೈಯರ್ ಧೂಳು ಹಿಟ್ಟಿನಷ್ಟು ನಯ, ಗಂಟಲು ಹಿಡಿಯುತ್ತದೆ.

ಯಾವ ಆಕಾರ, ಮತ್ತೆ ಅದನ್ನು ತಿದ್ದುವುದು

ಬಿಲಿಯರ್ಡ್ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ. ನೆಟ್ಟಗಿನ ಬೌಲ್, ನೆಟ್ಟಗಿನ ದುಂಡು ಶ್ಯಾಂಕ್, ಬೌಲ್‌ನ ಎತ್ತರದಷ್ಟೇ ಶ್ಯಾಂಕ್‌ನ ಉದ್ದ. ನನ್ನ ಅಳತೆ: ಬೌಲ್ ಎತ್ತರ 46 ಮಿ.ಮೀ., ಹೊರ ಅಗಲ 35, ಶ್ಯಾಂಕ್ ದಪ್ಪ 16. ಗುಳಿ 19 ಅಂದರೆ ಗೋಡೆ 8 ಮಿ.ಮೀ. ಉಳಿಯುತ್ತದೆ. ಮೊದಲ ಸಲಕ್ಕೆ ಗೋಡೆಯನ್ನು 6ಕ್ಕಿಂತ ಕೆಳಗೆ ಇಳಿಸಬೇಡಿ.

ಪೋಕರ್ ಇನ್ನೂ ಸುಲಭ, ಸಿಲಿಂಡರಿನಂಥ ಬೌಲ್, ಚಪ್ಪಟೆ ತಳ, ಮೇಜಿನ ಮೇಲೆ ತಾನೇ ನಿಲ್ಲುತ್ತದೆ. ತೀರಾ ಅಳುಕಿದ್ದರೆ ಅದರಿಂದ ಶುರು ಮಾಡಿ, ಆದರೆ ಅದರಲ್ಲಿ ಕಲಿಯುವುದು ಕಡಿಮೆ. ಆ್ಯಪಲ್ ಹೆಸರೇ ಹೇಳುವಂತೆ ಸೇಬಿನ ಹಾಗೆ ದುಂಡು. ದುಂಡು ತಪ್ಪುಗಳನ್ನು ಸ್ವಲ್ಪ ಮುಚ್ಚುತ್ತದೆ, ಬಿಲಿಯರ್ಡ್ ತಪ್ಪಿ ಆ್ಯಪಲ್ ಆದ ಪೈಪ್ ನನ್ನ ಹತ್ತಿರವೂ ಒಂದಿದೆ. ಡಬ್ಲಿನ್ ಮೇಲಕ್ಕೆ ಅಗಲವಾಗುವ ಬೌಲ್, ಮೂರನೆಯದೋ ನಾಲ್ಕನೆಯದೋ ಆಗಿ ಮಾಡಿ. ಬುಲ್‌ಡಾಗ್ ಈಗಲೇ ಬೇಡ, ಅದರ ಶ್ಯಾಂಕ್ ವಜ್ರದಂತೆ ನಾಲ್ಕು ಏಣಿನದ್ದು, ಆ ಏಣು ಸ್ಟೆಮ್‌ವರೆಗೆ ಒಂದೇ ಗೆರೆಯಲ್ಲಿ ಹೋಗಬೇಕು. ಇಷ್ಟ ಬಂದಂತೆ ಕೆತ್ತುವ ಫ್ರೀಹ್ಯಾಂಡ್ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ. ಬಿಲಿಯರ್ಡ್ ಎಲ್ಲಿ ತಪ್ಪಿತು ಅಂತ ಒಂದು ಒಳ್ಳೆಯ ಬಿಲಿಯರ್ಡ್ ಪಕ್ಕಕ್ಕೆ ಇಟ್ಟು ಹೇಳಬಹುದು, ಫ್ರೀಹ್ಯಾಂಡ್ ಪಕ್ಕಕ್ಕೆ ಏನು ಇಡುತ್ತೀರಿ?

ಕೆಲಸದ ಕ್ರಮ ನನ್ನದು ಹೀಗಿದೆ. ತುಂಡಿನ ಎರಡು ಬದಿಗೂ ಮೇಲೂ ಪೆನ್ಸಿಲ್‌ನಲ್ಲಿ ಆಕಾರ ಬರೆದು, ಗುಳಿಯ ನಡುವಿನಿಂದ ಸ್ಟೆಮ್‌ನ ತುದಿಯವರೆಗೆ ಒಂದು ನಡುಗೆರೆ ಎಳೆಯುತ್ತೇನೆ. ಆ ಗೆರೆ ಅಳಿಸಿದಷ್ಟು ಸಲವೂ ಮತ್ತೆ ಎಳೆಯಬೇಕು. ಗರಗಸದಲ್ಲಿ ಗೆರೆಗಿಂತ 3 ಮಿ.ಮೀ. ಹೊರಗೇ ಕೊಯ್ಯುವುದು. ಆಮೇಲೆ ನಾಲ್ಕು ಮೂಲೆಯನ್ನು ಅರದಿಂದ ಇಳಿಸಿ ಎಂಟು ಮುಖ, ಎಂಟರಿಂದ ಹದಿನಾರು, ಆಮೇಲೆ ದುಂಡು. ನೇರವಾಗಿ ದುಂಡು ಮಾಡಲು ಹೋದರೆ ಆಲೂಗಡ್ಡೆ ಆಗುತ್ತದೆ. ಶ್ಯಾಂಕ್ ಅರೆಯುವಾಗ ಸ್ಟೆಮ್ ಹಾಕಿಯೇ ಅರೆಯಿರಿ. ತೆಗೆದಿಟ್ಟು ಅರೆದರೆ ಅಂಚು ದುಂಡಾಗಿಬಿಡುತ್ತದೆ, ಆಮೇಲೆ ಎರಡರ ನಡುವೆ ಉಗುರು ಸಿಕ್ಕಿಕೊಳ್ಳುವಂಥ ಒಂದು ಮೆಟ್ಟಿಲು ಶಾಶ್ವತವಾಗಿ ಉಳಿಯುತ್ತದೆ.

ಈಗ ಮುಖ್ಯ ಜಾಗ. ಬೌಲ್ ಮತ್ತು ಶ್ಯಾಂಕ್ ಸೇರುವ ಮೂಲೆ. ಹೊಸಬರ ಪೈಪನ್ನು ದೂರದಿಂದಲೇ ಗುರುತಿಸಬಹುದು, ಆ ಮೂಲೆಯಲ್ಲಿ ಮರ ಜಾಸ್ತಿ ಉಳಿದಿರುತ್ತದೆ, ಕೊಬ್ಬಿದ ಕತ್ತಿನ ಹಾಗೆ. ಅಲ್ಲಿಗೆ ಚಪ್ಪಟೆ ಅರ ಹೋಗುವುದಿಲ್ಲ, ತೂತು ಬಿದ್ದೀತು ಅನ್ನುವ ಹೆದರಿಕೆ ಬೇರೆ, ಹಾಗಾಗಿ ಎಲ್ಲರೂ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಪೆನ್ಸಿಲ್ ದಪ್ಪದ ದುಂಡು ಅರ ಹಿಡಿದು, ಶ್ಯಾಂಕ್ ಮೇಲಿಂದ ಬೌಲ್‌ನ ಕೆನ್ನೆಗೆ ಓರೆಯಾಗಿ, ತಿರುಗಿಸುತ್ತಾ ತಳ್ಳಿ. ಹತ್ತು ಸಲ ಎಡಕ್ಕೆ, ಹತ್ತು ಸಲ ಬಲಕ್ಕೆ, ನಿಲ್ಲಿಸಿ, ನೋಡಿ. ಶ್ಯಾಂಕ್ ತನ್ನ ದುಂಡನ್ನು ಬಿಡದೆ ಬೌಲ್‌ವರೆಗೆ ಹೋಗಿ, ಕೊನೆಯ 3 ಮಿ.ಮೀ.ನಲ್ಲಿ ಮಾತ್ರ ಅದರೊಳಗೆ ಕರಗಬೇಕು. ನನ್ನ ನಾಲ್ಕನೇ ಪೈಪಿನಲ್ಲಿ ಈ ಒಂದು ಮೂಲೆಗೇ ನಾಲ್ಕು ಸಂಜೆ ಹೋಯಿತು. ಐದನೇ ದಿನ ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದು ತಿರುಗಿಸಿದಾಗ, ಬೌಲ್ ಮೇಲಿನ ಬೆಳಕಿನ ಗೆರೆ ಎಲ್ಲೂ ಮುರಿಯದೆ ಹಾಗೇ ಶ್ಯಾಂಕ್ ಮೇಲೆ ಜಾರಿ ಬಂತು. ನಾನು ಎದ್ದು ಹೋಗಿ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಬೆಳಕನ್ನು ಹಾಗೆ ಓರೆಯಾಗಿ ಬೀಳಿಸಿ ನೋಡುವುದನ್ನು ನಾನು ಕಲಿತದ್ದು ಕಿನ್ನಾಳದಲ್ಲಿ, ಚಿತ್ರಗಾರರು ಗೊಂಬೆ ಮಾಡುವುದನ್ನು ಕೂತು ನೋಡಿ. ಅವರದ್ದು ಹಗುರ ಮರ, ಜೋಡಣೆಯ ಮೇಲೆ ಹುಣಸೆ ಬೀಜದ ಅಂಟಿನ ಲೇಪ ಬರುತ್ತದೆ, ಅದರ ಮೇಲೆ ಬಣ್ಣ. ಬ್ರೈಯರ್‌ನಲ್ಲಿ ಲೇಪವೂ ಇಲ್ಲ, ಬಣ್ಣವೂ ಅರೆಪಾರದರ್ಶಕ. ಉಬ್ಬು ಇದ್ದರೆ ಉಬ್ಬೇ ಕಾಣುತ್ತದೆ.

ಇನ್ನು ಮೂರು ಪರೀಕ್ಷೆ. ರಾತ್ರಿ ಒಂದು ಬಲ್ಬಿನ ಮುಂದೆ ಹಿಡಿದು ಗೋಡೆ ಮೇಲಿನ ನೆರಳು ನೋಡಿ, ನೆರಳಿನಲ್ಲಿ ಮರದ ಚೆಂದ ಇರುವುದಿಲ್ಲ, ಬರೀ ಗೆರೆ ಇರುತ್ತದೆ. ಮೊಬೈಲ್‌ನಲ್ಲಿ ಫೋಟೊ ತೆಗೆದು ಎಡಬಲ ತಿರುಗಿಸಿ ನೋಡಿ, ಇಷ್ಟು ದಿನ ಕಾಣದ ಓರೆ ಥಟ್ಟನೆ ಕಾಣುತ್ತದೆ. ಕಣ್ಣುಮುಚ್ಚಿ ಎರಡೂ ಹೆಬ್ಬೆರಳನ್ನು ಬೌಲ್‌ನ ಎರಡು ಕೆನ್ನೆ ಮೇಲೆ ಒಟ್ಟಿಗೆ ಜಾರಿಸಿ, ಒಂದು ಕಡೆ ದಪ್ಪ ಇದ್ದರೆ ಬೆರಳಿಗೆ ಕಣ್ಣಿಗಿಂತ ಮೊದಲೇ ಗೊತ್ತಾಗುತ್ತದೆ.

ಸ್ಟೆಮ್: ಎಬೊನೈಟ್, ಅಕ್ರಿಲಿಕ್

ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ರಾಜಮಂಡ್ರಿಯ ರತ್ನಂ ಪೆನ್ ನೋಡಿದ್ದರೆ ಅದೇ ಸಾಮಾನು. ಹಲ್ಲಿಗೆ ಮೆತ್ತಗೆ, ಅರಕ್ಕೆ ಬೆಣ್ಣೆಯಂತೆ ಸಿಗುತ್ತದೆ, ಬಿಸಿ ಮಾಡಿದರೆ ಬಾಗುತ್ತದೆ. ಬಾಗಿಸುವ ಮೊದಲು ಒಳಗೆ ಪೈಪ್ ಕ್ಲೀನರ್ ತೂರಿಸಿಡಿ, ಇಲ್ಲದಿದ್ದರೆ ತೂತು ಮುಚ್ಚಿಕೊಳ್ಳುತ್ತದೆ. ಅದರ ಶತ್ರು ಬಿಸಿಲು. ನಮ್ಮ ಊರಿನ ಬಿಸಿಲಿಗೆ ಕಿಟಕಿ ಕಟ್ಟೆ ಮೇಲೆ ಮರೆತು ಇಟ್ಟ ಸ್ಟೆಮ್ ವಾರದಲ್ಲೇ ಕಪ್ಪು ಹೋಗಿ ಹಸಿರು ಕಂದಾಯಿತು, ಗಂಧಕದ ವಾಸನೆ ಬೇರೆ. ಮತ್ತೆ ಉಜ್ಜಿ ಸರಿಮಾಡಬಹುದು, ಆದರೆ ಕೆಲಸ.

ಅಕ್ರಿಲಿಕ್ ಒಂದು ಗಟ್ಟಿ ಪ್ಲಾಸ್ಟಿಕ್, ಅದರ ಬಣ್ಣ ಕೆಡುವುದಿಲ್ಲ, ಹೊಳಪು ಇರುತ್ತದೆ. ಆದರೆ ಗಡುಸು, ಅರೆಯುವಾಗ ಅಂಚು ಚಿಕ್ಕ ಚಿಕ್ಕದಾಗಿ ಎಗರುತ್ತದೆ, ಬಾಗಿಸುವಾಗ ಬಿಸಿ ತಪ್ಪಿದರೆ ಬಿಳಿ ಬಿರುಕು. ಬಿಸಿಲಿನ ಜಿಲ್ಲೆ ಅಂತ ಹೇಳಿ ಅಕ್ರಿಲಿಕ್ ಅಂತೀರಾ ಅಂತ ಕೇಳಬಹುದು. ಇಲ್ಲ, ಕಲಿಯುವ ಕೈಗೆ ನಾನು ಎಬೊನೈಟ್ ಅನ್ನುತ್ತೇನೆ, ಡಬ್ಬಿಯಲ್ಲಿ ಮುಚ್ಚಿಟ್ಟರಾಯಿತು. ಕೊರೆದ ತುಂಡಿನ ಜೊತೆ ಬರುವ ಅಚ್ಚಿನ ಸ್ಟೆಮ್ ಸಾಮಾನ್ಯವಾಗಿ ದಪ್ಪ ಇರುತ್ತದೆ. ಹಲ್ಲು ಕಚ್ಚುವ ಜಾಗವನ್ನು ವರ್ನಿಯರ್ ಹಿಡಿದು ನಿಧಾನವಾಗಿ ಸುಮಾರು 4 ಮಿ.ಮೀ.ಗೆ ಇಳಿಸಿ. ಅಷ್ಟು ಮಾಡಿದರೇ ಪೈಪಿನ ಗತ್ತು ಬದಲಾಗುತ್ತದೆ.

ಮೇಲ್ಮೈ

ಅರೆಯುವಾಗ ಎಲ್ಲೋ ಒಂದು ಕಪ್ಪು ಚುಕ್ಕಿ ಕಾಣಿಸುತ್ತದೆ. ಸೂಜಿ ಮೊನೆಯಷ್ಟು. ಇನ್ನೂ ನಾಲ್ಕು ಎಳೆತಕ್ಕೆ ಹೋಗುತ್ತದೆ ಅಂದುಕೊಂಡರೆ ಸಾಸಿವೆ ಕಾಳಿನಷ್ಟಾಗುತ್ತದೆ. ಗಂಟು ಬೆಳೆಯುವಾಗ ಒಳಗೆ ಉಳಿದ ಸಣ್ಣ ಗುಳಿ ಅದು, ಬ್ರೈಯರ್‌ನಲ್ಲಿ ಸಹಜ. ಅದರ ಹಿಂದೆ ಹೋಗಿ ಆಕಾರ ಕೆಡಿಸಬೇಡಿ. ಸಣ್ಣದಾದರೆ ಇರಲಿ. ದೊಡ್ಡದಾದರೆ ಆ ಪೈಪನ್ನು ನಯ ಮಾಡುವ ಬದಲು ಹೊರಮೈಯನ್ನು ಒರಟು ಕೆತ್ತನೆ ಮಾಡಿ, ಸಣ್ಣ ಉಳಿಯಿಂದ ಒತ್ತೊತ್ತಾಗಿ ಗುಳಿ ತೆಗೆದು ತಂತಿ ಬ್ರಷ್ ಹಾಕಿದರೆ ತೊಗಟೆಯಂತೆ ಕಾಣುತ್ತದೆ. ಒರಟು ಮೈ ಕೈಗೆ ಹಿಡಿತ ಕೊಡುತ್ತದೆ, ಗುಳಿ ಮುಚ್ಚುತ್ತದೆ, ಆದರೆ ಕೆಟ್ಟ ಆಕಾರವನ್ನು ಮುಚ್ಚುವುದಿಲ್ಲ.

ನಯ ಮೈ ಬೇಕಾದರೆ ಉಸುಕಿನ ಕಾಗದ ನಂಬರ್ 120, 220, 320, 400, 600, ಒರಟಿನಿಂದ ನಯದ ಕಡೆಗೆ, ಒಂದನ್ನೂ ಬಿಡದೆ. 220 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎದ್ದ ನವಿರನ್ನು ಮತ್ತೆ ಉಜ್ಜಿ. ಬಣ್ಣ ಸ್ಪಿರಿಟ್‌ನಲ್ಲಿ ಕರಗುವಂಥದ್ದೇ ಇರಲಿ. ಮೊದಲು ಕಪ್ಪು ಹಚ್ಚಿ, 400ರಲ್ಲಿ ಉಜ್ಜಿ ತೆಗೆದು, ಮೇಲೆ ಕಂದು ಹಚ್ಚಿದರೆ ಎಳೆಯಲ್ಲಿ ಕಪ್ಪು ಉಳಿದು ಗೆರೆ ಎದ್ದು ಕಾಣುತ್ತದೆ.

ಮೇಲಿನ ಹೊಳಪಿಗೆ ಅರಗು, ವಾರ್ನಿಷ್, ಜೇನುಮೇಣ, ಕಾರ್ನೌಬಾ ಮೇಣ, ಹೀಗೆ ಏನೇನೋ ಹೇಳುತ್ತಾರೆ. ಚನ್ನಪಟ್ಟಣದ ಗೊಂಬೆಯ ಅರಗಿನ ಹೊಳಪು ನನಗೂ ಇಷ್ಟ, ಆದರೆ ಬೆಂಕಿ ಇಡುವ ವಸ್ತುವಿನ ಮೇಲೆ ಅದು ಮೆತ್ತಗಾಗುತ್ತದೆ. ದಪ್ಪ ವಾರ್ನಿಷ್ ಬಿಸಿಗೆ ಗುಳ್ಳೆ ಏಳುತ್ತದೆ. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ, ಬ್ರೆಜಿಲ್‌ನ ಒಂದು ತಾಳೆ ಜಾತಿಯ ಎಲೆಯಿಂದ ಬರುವ ಕಾರ್ನೌಬಾ 82ಕ್ಕೆ ಮೇಲೆ. ಹಾಗಾಗಿ ಕಾರ್ನೌಬಾ. ಮೋಟರ್ ಬೇಕಾಗುವುದು ಇಲ್ಲಿ ಮಾತ್ರ, ಕೈಯಲ್ಲಿ ಉಜ್ಜಿದರೆ ಆ ಮೇಣ ಹರಡುವುದಿಲ್ಲ, ಬಟ್ಟೆ ಚಕ್ರದ ಬಿಸಿ ಬೇಕು. ಮೋಟರ್ ಇಲ್ಲದವರು ಕಾರ್ನೌಬಾ ಕಲಸಿದ ಮೆತ್ತನೆ ಮೇಣ ತಂದು ಬಟ್ಟೆಯಲ್ಲಿ ಉಜ್ಜಬಹುದು, ಹೊಳಪು ಸ್ವಲ್ಪ ಕಡಿಮೆ ಅಷ್ಟೇ.

ಗುಳಿಯ ಒಳಗೆ ಬಣ್ಣ, ಮೇಣ ಏನೂ ಹೋಗಬಾರದು. ಹಾಗೇ ಬರೀ ಮರ ಬಿಡಬಹುದು, ಇಲ್ಲವೇ ತೆಳುವಾಗಿ ಇದ್ದಿಲ ಲೇಪ ಕೊಡಬಹುದು. ಇದ್ದಿಲು ಅಂಟಿಕೊಳ್ಳಲು ಸೋಡಿಯಂ ಸಿಲಿಕೇಟ್ ಬಳಸುವವರಿದ್ದಾರೆ, ನಾನು ಮಜ್ಜಿಗೆ ಬಳಸುತ್ತೇನೆ. ತಮಾಷೆಯಲ್ಲ, ಬೇರೆ ದೇಶದ ಪೈಪ್ ಕೆಲಸದವರೂ ಇದನ್ನೇ ಮಾಡುತ್ತಾರೆ. ಉಪ್ಪು ಹಾಕದ ಗಟ್ಟಿ ಮಜ್ಜಿಗೆಗೆ ನುಣ್ಣನೆ ಇದ್ದಿಲ ಪುಡಿ, ಔಷಧಿ ಅಂಗಡಿಯಲ್ಲಿ ಸಿಗುವ ಆಕ್ಟಿವೇಟೆಡ್ ಚಾರ್ಕೋಲ್, ಕಲಸಿ ಬೆರಳಲ್ಲಿ ಒಳಗೆ ಸವರುವುದು. ಗಾಳಿ ತೂತಿಗೆ ಪೈಪ್ ಕ್ಲೀನರ್ ತೂರಿಸಿಟ್ಟಿರಬೇಕು. ಎರಡು ಮೂರು ದಿನಕ್ಕೆ ಒಣಗುತ್ತದೆ, ಹುಳಿ ವಾಸನೆಯೂ ಹೋಗುತ್ತದೆ.

ಕೊನೆಯದಾಗಿ ಸ್ಟೆಮ್‌ನ ಬಿಗಿ. ಬೇಸಿಗೆಯಲ್ಲಿ ಮುಗಿಸಿದ ಪೈಪಿನ ಸ್ಟೆಮ್ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಿಗಿಯಾಗಿ ತಿರುಗದಂತಾಗುತ್ತದೆ, ತೇವಕ್ಕೆ ಮರ ಉಬ್ಬಿರುತ್ತದೆ. ಆಗ ಗೂಟವನ್ನು ಉಜ್ಜಿ ತೆಳು ಮಾಡಬೇಡಿ, ಮಾರ್ಚ್‌ಗೆ ಅದೇ ಸ್ಟೆಮ್ ಕಳಚಿ ಬೀಳುತ್ತದೆ. ಗೂಟದ ಮೇಲೆ ಮೆತ್ತನೆ ಪೆನ್ಸಿಲ್‌ನ ಸೀಸವನ್ನು ಸುತ್ತಲೂ ಗೀಚಿ, ನಿಧಾನವಾಗಿ ತಿರುಗಿಸುತ್ತಾ ಕೂರಿಸಿ.